ಮುಚ್ಚುವ ದಿನದಿಂದ ಎಣಿಸಿದರೆ

ಕಾರಹುಣ್ಣಿಮೆಗೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದ ಹುಡುಗನೊಬ್ಬ ಸಂತೆಕಲ್ಲೂರಿನ ಚಹಾದಂಗಡಿಯಲ್ಲಿ ನನ್ನ ಪಕ್ಕ ಬಂದು ಕೂತ. ಐಟಿಐ ಮುಗಿಸಿದ್ದಾನೆ. ನಾಲ್ಕು ವರ್ಷದಿಂದ ಅಪ್ಪ ಅವ್ವನ ಜೊತೆ ಗುಳೆ ಹೋಗಿ ಅಪಾರ್ಟ್‌ಮೆಂಟು ಕಟ್ಟುವ ಕಡೆ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಚಹಾ ಆರುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದ: ‘ಕಾಕಾ, ಹಟ್ಟಿಯಂಗ ನಮ್ಮ ಕಡೆನೂ ಒಂದು ಗಣಿ ಬಂದ್ರ ನಾವು ಗುಳೆ ಹೋಗೋದು ತಪ್ಪತೈತೇನ್ರಿ?’

ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಬಾಯಿ ಬರಲಿಲ್ಲ. ಅವನಿಗೆ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂತೆಕಲ್ಲೂರು ಹಿಂದೆ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ಮಸ್ಕಿಗೆ ಸೇರಿದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಘನಮಠದಿಂದ. 19ನೆಯ ಶತಮಾನದಲ್ಲಿ ಇಲ್ಲಿದ್ದ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿ ಜ್ಞಾನ ಪ್ರದೀಪಿಕೆ’ ಎಂಬ ಪುಸ್ತಕ ಬರೆದರು. ಮಠದ ಸ್ವಾಮಿಗಳು ಮೋಕ್ಷದ ವಿಚಾರ ಬರೆಯುವುದು ವಾಡಿಕೆ. ಇವರು ಬೇಸಾಯದ ಬಗ್ಗೆ ಬರೆದರು. ಮಳೆ ಕೈಕೊಡುವ ನಾಡಿನಲ್ಲಿ ಒಕ್ಕಲಿಗನಿಗೆ ಬೇಕಾದ್ದು ಯಾವ ಜ್ಞಾನ ಎಂಬುದು ಅವರಿಗೆ ತಿಳಿದಿತ್ತು. ಇದೇ ನೆಲದ ಕೆಳಗೆ ಇನ್ನೊಂದು ಕಥೆಯೂ ಇದೆ. ಹಟ್ಟಿಯಿಂದ ಮಸ್ಕಿಯ ಕಡೆಗೆ ಹಬ್ಬಿರುವ ಹಸಿರು ಛಾಯೆಯ ಹಳೆಯ ಶಿಲೆಗಳ ಪಟ್ಟಿಯನ್ನು ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ಕರೆಯುತ್ತಾರೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನ ಕಲ್ಲು ಅದು. ಅದರ ಬಿರುಕುಗಳಲ್ಲಿ ಬೆಣಚುಕಲ್ಲಿನ ಗೆರೆಗಳಿವೆ, ಬೆಣಚುಕಲ್ಲಿನಲ್ಲಿ ಚಿನ್ನವಿದೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಹಟ್ಟಿಯಲ್ಲಿ ಈ ಕಾಲದ ಗಣಿಗಾರರು ಇಳಿದಾಗ ಅವರಿಗಿಂತ ಮೊದಲೇ ಯಾರೋ 600 ಅಡಿ ಆಳದವರೆಗೆ ತೋಡಿಹೋಗಿದ್ದು ಕಂಡಿತು. ಅಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಯಿತು. ಮದ್ದುಗುಂಡು ಇರಲಿಲ್ಲ, ಪಂಪು ಇರಲಿಲ್ಲ. ಬಂಡೆಗೆ ಬೆಂಕಿ ಒಟ್ಟಿ ಕಾಯಿಸಿ, ನೀರು ಸುರಿದು ಬಿರಿಯಿಸಿ, ಬುಟ್ಟಿಯಲ್ಲಿ ಹೊತ್ತು ಮೇಲೆ ತಂದರು. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಚಿನ್ನದ ದೆಸೆಯಿಂದ: ಅದನ್ನು ಮೊದಲು ಗುರುತಿಸಿದ ಬೀಡನ್ ಎಂಬಾತ ಚಿನ್ನದ ಗಣಿಯ ಎಂಜಿನಿಯರ್. ‘ದೇವಾನಾಂಪ್ರಿಯ’ ಅನ್ನುವ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಮೊದಲ ಶಾಸನ ಅದು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿ ಮಸ್ಕಿಯೇ ಇರಬೇಕೆಂದು ವಾದಿಸಿದ ವಿದ್ವಾಂಸರಿದ್ದಾರೆ, ಕನಕಗಿರಿ ಎಂದವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ಇರಲಿ, ನಮ್ಮ ಸೀಮೆಯ ಚಿನ್ನ ಆಗಲೇ ದೂರದ ಅರಮನೆಗಳ ಲೆಕ್ಕದಲ್ಲಿತ್ತು.

ಈಗಿನ ಹಟ್ಟಿಯ ಕಥೆ ನಿಜಾಮರ ಕಾಲದಿಂದ ಶುರು. ಬ್ರಿಟಿಷ್ ಕಂಪನಿಯೊಂದು 20ನೆಯ ಶತಮಾನದ ಮೊದಲ ದಶಕಗಳಲ್ಲಿ ತೋಡಿ ಬಿಟ್ಟುಹೋದ ಗಣಿಯನ್ನು 1947ರಲ್ಲಿ ಹೈದರಾಬಾದ್ ಸರ್ಕಾರದ ಕಂಪನಿ ಮತ್ತೆ ಕೈಗೆತ್ತಿಕೊಂಡಿತು. ರಾಯಚೂರು ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಾಗ ಗಣಿಯೂ ಜೊತೆಗೆ ಬಂತು. ಇವತ್ತು ದೇಶದಲ್ಲಿ ನೆಲದಿಂದ ನೇರವಾಗಿ ಚಿನ್ನ ತೆಗೆಯುವ ಮುಖ್ಯ ಗಣಿ ಎಂದರೆ ರಾಜ್ಯ ಸರ್ಕಾರದ ಈ ಹಟ್ಟಿ ಚಿನ್ನದ ಗಣಿ ಕಂಪನಿಯದು. ವರ್ಷಕ್ಕೆ ಸುಮಾರು ಒಂದೂವರೆ ಟನ್ ಚಿನ್ನ. ಭಾರತ ಹೊರದೇಶದಿಂದ ತರಿಸುವುದು ವರ್ಷಕ್ಕೆ ಹೆಚ್ಚುಕಡಿಮೆ 700ರಿಂದ 800 ಟನ್. ಹಟ್ಟಿ ನಿಂತುಹೋದರೆ ದೇಶದ ಬಂಗಾರದಂಗಡಿಗಳಿಗೆ ಅದು ಗೊತ್ತಾಗುವುದೇ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಸಾವಿರಾರು ಮನೆಗಳ ಒಲೆಗೆ ಮಾತ್ರ ಗೊತ್ತಾಗುತ್ತದೆ. ಆದ್ದರಿಂದ ಈ ಗಣಿಯ ಬಗ್ಗೆ ಮಾತಾಡುವಾಗ ದೇಶದ ಚಿನ್ನದ ಹಸಿವನ್ನು ಮುಂದೆ ತರಬೇಕಾಗಿಲ್ಲ. ಇದು ಮೊದಲಿಗೆ ನಮ್ಮ ಜನರ ಅನ್ನದ ಪ್ರಶ್ನೆ, ಅಷ್ಟೇ ಮಟ್ಟಿಗೆ ನಮ್ಮ ಜನರ ನೀರಿನ ಪ್ರಶ್ನೆಯೂ ಹೌದು.

ನೀರಿನ ಮಾತಿಗೆ ಬರುವ ಮುನ್ನ ಕಲ್ಲಿನ ಲೆಕ್ಕ ನೋಡಬೇಕು. ಹಟ್ಟಿಯಂಥ ಗಣಿಯಲ್ಲಿ ಒಂದು ಟನ್ ಅದಿರಿಗೆ ಸಿಗುವ ಚಿನ್ನ ಎರಡು ಮೂರು ಗ್ರಾಂ. ಮದುವೆಗೆಂದು ಮಾಡಿಸಿದ ಹತ್ತು ಗ್ರಾಮಿನ ಸರದ ಹಿಂದೆ ಮೂರರಿಂದ ಐದು ಟನ್ ಕಲ್ಲು ನೆಲದಾಳದಿಂದ ಸ್ಕಿಪ್ ಎಂಬ ಎತ್ತುವ ತೊಟ್ಟಿಯಲ್ಲಿ ಮೇಲೆ ಬಂದಿರುತ್ತದೆ. ಆ ಕಲ್ಲನ್ನು ಒಡೆದು, ಬಾಲ್ ಮಿಲ್ಲಿನಲ್ಲಿ ನೀರು ಬೆರೆಸಿ ಹಿಟ್ಟಿನಷ್ಟು ನಯವಾಗಿ ಅರೆಯುತ್ತಾರೆ. ದಪ್ಪ ಕಣದ ಚಿನ್ನ ತೂಕದಿಂದ ಬೇರೆಯಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಸೋಡಿಯಂ ಸಯನೈಡ್‌ನ ತೆಳು ದ್ರಾವಣ ಕರಗಿಸಿಕೊಳ್ಳುತ್ತದೆ. ಇದ್ದಿಲಿನ ಹರಳುಗಳು ಆ ಕರಗಿದ ಚಿನ್ನವನ್ನು ಹಿಡಿದಿಡುತ್ತವೆ. ಇದ್ದಿಲಿನಿಂದ ಅದನ್ನು ಬಿಡಿಸಿ, ವಿದ್ಯುತ್ತಿನಿಂದ ತಂತಿಗೆ ಕೂರಿಸಿ, ಕರಗಿಸಿ ಗಟ್ಟಿ ಮಾಡುತ್ತಾರೆ. ಚಿನ್ನ ಹೊರಟುಹೋಗುತ್ತದೆ. ಒಂದು ಟನ್ನಿನಲ್ಲಿ ಎರಡು ಮೂರು ಗ್ರಾಂ ಬಿಟ್ಟು ಉಳಿದದ್ದೆಲ್ಲ ಬೂದುಬಣ್ಣದ ಕೆಸರಾಗಿ ಕಟ್ಟೆಯೊಳಗೆ ಸೇರಿ, ಒಣಗಿ ದಿಬ್ಬವಾಗಿ ಇಲ್ಲೇ ನಿಲ್ಲುತ್ತದೆ.

ಜನ ಹೆದರುವುದು ಸಯನೈಡಿಗೆ. ಹೆದರಬೇಕಾದ್ದೇ, ಕಟ್ಟೆ ಒಡೆದು ಹಳ್ಳಕ್ಕೆ ಸೇರಿದರೆ ಮೀನು, ದನ, ಮನುಷ್ಯ ಯಾವುದನ್ನೂ ಅದು ಬಿಡುವುದಿಲ್ಲ. ಆದರೆ ಸಯನೈಡ್ ಒಂದು ಸಂಯುಕ್ತ. ಬಿಸಿಲು, ಗಾಳಿ, ಸೂಕ್ಷ್ಮಜೀವಿಗಳು ಸೇರಿ ಅದನ್ನು ದಿನ ಕಳೆದಂತೆ ಒಡೆಯುತ್ತವೆ. ಕಾರ್ಖಾನೆಯಲ್ಲೇ ಅದನ್ನು ನಿರ್ವಿಷ ಮಾಡುವ ವಿಧಾನಗಳಿವೆ. ನನ್ನ ನಿದ್ದೆ ಕೆಡಿಸುವುದು ಇನ್ನೊಂದು ಹೆಸರು: ಆರ್ಸೆನಿಕ್. ಹಟ್ಟಿ ಸೀಮೆಯ ಚಿನ್ನ ಒಂಟಿಯಾಗಿರುವುದಿಲ್ಲ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ ಆರ್ಸೆನೋಪೈರೈಟ್ ಎಂಬ ಖನಿಜದ ನೆರೆಯಲ್ಲಿ ಇರುತ್ತದೆ. ನೆಲದಾಳದ ಕತ್ತಲಲ್ಲಿ ಗಟ್ಟಿ ಬಂಡೆಯೊಳಗೆ ಇದ್ದಾಗ ಅದು ಹೆಚ್ಚು ಕೇಡು ಮಾಡದು. ಹಿಟ್ಟು ಮಾಡಿ ಬಿಸಿಲು ಮಳೆಗೆ ಹರವಿದಾಗ ಗಾಳಿಯ ಆಮ್ಲಜನಕ ಅದನ್ನು ಮುಟ್ಟುತ್ತದೆ, ಖನಿಜ ಬಿಚ್ಚಿಕೊಳ್ಳುತ್ತದೆ, ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಆರ್ಸೆನಿಕ್ ಮೂಲಧಾತು. ಬಿಸಿಲು ಅದನ್ನು ಒಡೆಯಲಾರದು. ನೂರು ವರ್ಷ ಬಿಟ್ಟು ಬಂದು ನೋಡಿದರೂ ಅದು ಆರ್ಸೆನಿಕ್ಕೇ.

ಇದು ಊಹೆಯ ಮಾತಲ್ಲ. ಕೃಷ್ಣೆಯ ಆಚೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲುಗಳ ಚರ್ಮ ಗಂಟುಗಟ್ಟಿ, ಮೈಮೇಲೆ ಕಪ್ಪು ಬಿಳಿ ಚುಕ್ಕೆಗಳೆದ್ದವು. ಹತ್ತಿರದಲ್ಲಿ ಇರುವುದು ಹಳೆಯ ಮಂಗಳೂರು ಚಿನ್ನದ ಗಣಿ (ಕರಾವಳಿಯ ಮಂಗಳೂರಲ್ಲ, ನಮ್ಮ ಯಾದಗಿರಿ ಜಿಲ್ಲೆಯದು). ತಾಂಡಾದ ನೀರು, ಮಣ್ಣು, ಜನರ ಕೂದಲು ಉಗುರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರಣ ಆರ್ಸೆನಿಕ್ ಎಂದು ಸ್ಪಷ್ಟವಾಗಿ ಬರೆದರು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ದೇಶದ ಮಾನದಂಡವೂ ಅದೇ. ನೀರಿನಲ್ಲಿ ಕರಗಿದ ಆರ್ಸೆನಿಕ್ಕಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನೀರು ಕಾಯಿಸಿದರೆ ಹೋಗುವುದಿಲ್ಲ. ಆವಿಯಾಗಿ ನೀರು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಕುಡಿದ ಮೇಲೆ ಚರ್ಮದಲ್ಲಿ ಕಾಣಿಸುತ್ತದೆ, ಆಮೇಲೆ ಕ್ಯಾನ್ಸರ್ ಆಗಿ ಬರಬಹುದು. ಕೆಲವು ಕಡೆ ಬಂಡೆಯಿಂದಲೇ ಆರ್ಸೆನಿಕ್ ಬೋರ್‌ವೆಲ್ಲಿಗೆ ಸೇರುವುದೂ ಉಂಟು, ಗಣಿ ಇರಲೇಬೇಕೆಂದಿಲ್ಲ. ಹಾಗಾಗಿಯೇ ಗಣಿ ಬರುವ ಮುಂಚೆ ನೀರಿನಲ್ಲಿ ಏನಿತ್ತು ಎಂಬ ದಾಖಲೆ ಅಷ್ಟು ಮುಖ್ಯ. ಆ ದಾಖಲೆ ಇಲ್ಲದ ಊರಿನವರು ನಾಳೆ ಯಾರನ್ನು ಕೇಳಿದರೂ ‘ಇದು ಮೊದಲಿಂದಲೂ ಇತ್ತು’ ಎಂಬ ಒಂದೇ ಉತ್ತರ ಸಿಗುತ್ತದೆ.

ಇನ್ನು ಆ ಹುಡುಗನ ಪ್ರಶ್ನೆಯ ತಿರುಳು: ಕೆಲಸ. ಹಟ್ಟಿಯ ಕ್ಯಾಂಪು ನೋಡಿದವರಿಗೆ ಗೊತ್ತು, ಗಣಿಯ ಸಂಬಳ ಒಂದು ಮನೆಯನ್ನು ಎಷ್ಟು ಎತ್ತರಕ್ಕೆ ಒಯ್ಯುತ್ತದೆ ಎಂದು. ಜೋಳ ಸಜ್ಜೆಯ ಒಣಬೇಸಾಯದ ಮನೆಯಿಂದ ಹೋದ ಗಣಿ ಕಾರ್ಮಿಕನ ಮಕ್ಕಳು ಡಾಕ್ಟರು, ಎಂಜಿನಿಯರು ಆಗಿದ್ದಾರೆ. ಪಿಎಫ್, ಆಸ್ಪತ್ರೆ, ಕ್ವಾರ್ಟರ್ಸು, ತಿಂಗಳ ಒಂದನೇ ತಾರೀಖು. ಮಳೆಯನ್ನು ಕಾದು ಕೂತವನಿಗೆ ಒಂದನೇ ತಾರೀಖಿನ ಬೆಲೆ ಎಷ್ಟೆಂದು ಪರಿಸರದ ಬಗ್ಗೆ ಬರೆಯುವ ನನ್ನಂಥವರು ಮರೆಯಬಾರದು. ಆದರೆ ಇವತ್ತು ತೆರೆಯುವ ಗಣಿ ಐವತ್ತು ವರ್ಷದ ಹಿಂದಿನ ಹಟ್ಟಿಯಲ್ಲ. ಹಾರೆ ಹಿಡಿದ ಇಪ್ಪತ್ತು ಜನರ ಕೆಲಸವನ್ನು ಒಂದು ಲೋಡರ್ ಯಂತ್ರ ಮಾಡುತ್ತದೆ, ಅದನ್ನು ನಡೆಸಲು ಒಬ್ಬನೇ ಸಾಕು. ಕಾಯಂ ನೌಕರಿಗಿಂತ ಗುತ್ತಿಗೆಯೇ ಹೆಚ್ಚು. ಸ್ಥಳೀಯರಿಗೆ ಕೆಲಸ ಎಂದು ಬೋರ್ಡು ಹಾಕಿದ ಕಡೆ ಕೊನೆಗೆ ಊರಿನವರ ಪಾಲಿಗೆ ಉಳಿಯುವುದು ಕಾವಲು, ಕಸ, ಕ್ಲೀನಿಂಗು.

ಇದಕ್ಕೆ ಒಂದು ಕಾರಣ ನಮ್ಮಲ್ಲೂ ಇದೆ. ಗಣಿಯ ಒಳಗಿನ ಜವಾಬ್ದಾರಿಯ ಕೆಲಸಗಳಿಗೆ ಕಾನೂನೇ ಸರ್ಟಿಫಿಕೇಟು ಕೇಳುತ್ತದೆ. ಮೈನಿಂಗ್ ಮೇಟ್, ಬ್ಲಾಸ್ಟರ್, ಫೋರ್‌ಮನ್ ಇವರೆಲ್ಲ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಪರೀಕ್ಷೆ ಪಾಸಾಗಬೇಕು, ಅದಕ್ಕೂ ಮೊದಲು ಗಣಿಯಲ್ಲಿ ಇಂತಿಷ್ಟು ದಿನದ ಅನುಭವ ಇರಬೇಕು. ಫಿಟ್ಟರ್ ಟ್ರೇಡಿನ ಐಟಿಐ ಓದಿದ ನಮ್ಮ ಹುಡುಗನಿಗೆ ಈ ದಾರಿ ಇದೆ ಎಂದು ಯಾರೂ ಹೇಳಿಲ್ಲ. ಹೆಣ್ಣುಮಕ್ಕಳಿಗಂತೂ 2019ರವರೆಗೆ ನೆಲದೊಳಗಿನ ಗಣಿಯ ಬಾಗಿಲೇ ಮುಚ್ಚಿತ್ತು. ಆ ವರ್ಷದ ಕೇಂದ್ರದ ಅಧಿಸೂಚನೆ ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಕೆಲಸಗಳಿಗೆ ಹಗಲು ಹೊತ್ತಿನಲ್ಲಿ ಅವರು ಇಳಿಯಬಹುದು ಎಂದಿತು. ಗಣಿ ಬರುವ ಐದು ವರ್ಷ ಮುಂಚೆ ಲಿಂಗಸುಗೂರಿನಲ್ಲೋ ಮಸ್ಕಿಯಲ್ಲೋ ತರಬೇತಿ ಶುರುವಾದರೆ ಸ್ಥಳೀಯರಿಗೆ ಕೆಲಸ ಎಂಬ ಮಾತಿಗೆ ಅರ್ಥ ಬರುತ್ತದೆ. ಗಣಿ ತೆರೆದ ಮೇಲೆ ಶುರು ಮಾಡಿದರೆ ಅಷ್ಟರಲ್ಲಿ ಹೊರಗಿನಿಂದ ಜನ ಬಂದು ಕೂತಿರುತ್ತಾರೆ.

ಕೆಲಸ ಸಿಕ್ಕಿತು ಅನ್ನೋಣ. ಎಷ್ಟು ವರ್ಷ? ಇದನ್ನು ಕೇಳಬೇಕಾದ ಊರು ಕೆಜಿಎಫ್. 1880ರ ದಶಕದಿಂದ ಶುರುವಾದ ಕೋಲಾರದ ಗಣಿ 120 ವರ್ಷ ನಡೆಯಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿಯಿತು. ಸುಮಾರು 800 ಟನ್ ಚಿನ್ನ ಕೊಟ್ಟಿತು. ಅಷ್ಟೂ ಸೇರಿಸಿದರೆ ಭಾರತ ಈಗ ಒಂದು ವರ್ಷದಲ್ಲಿ ತರಿಸಿಕೊಳ್ಳುವಷ್ಟು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂದಿತ್ತು, ಬೆಂಗಳೂರಿಗಿಂತ ಮೊದಲು. 2001ರ ಫೆಬ್ರುವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಮರುದಿನದಿಂದ ಆ ಊರಿನ ಹಿಂದೆ ಉಳಿದದ್ದು 13 ದಿಬ್ಬಗಳು, 3 ಕೋಟಿ ಟನ್ನಿಗೂ ಮೀರಿದ ಗಣಿಮಣ್ಣು. ಗಾಳಿಯ ದಿನಗಳಲ್ಲಿ ಅದು ಮನೆಯೊಳಗೆ, ಅಡುಗೆಯೊಳಗೆ, ಎದೆಯೊಳಗೆ ಬರುತ್ತದೆ. ಗಣಿ ಕಾರ್ಮಿಕರ ಮಕ್ಕಳು ಬೆಳಕು ಹರಿಯುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಹಿಂದಿರುಗುತ್ತಾರೆ. ಸಾವಿರಾರು ಜನ, ದಿನಾಲೂ. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಊರಿನ ಮಕ್ಕಳೂ ಸಂತೆಕಲ್ಲೂರಿನ ಈ ಹುಡುಗನೂ ಕೊನೆಗೆ ಸೇರಿದ್ದು ಅದೇ ಬೆಂಗಳೂರಿಗೆ. ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆ ದಿಬ್ಬಗಳಿಂದ ಉಳಿದ ಚಿನ್ನವನ್ನು ಮತ್ತೆ ತೆಗೆಯಲು ರಾಜ್ಯ ಸರ್ಕಾರ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಮುಚ್ಚಿ 23 ವರ್ಷದ ಮೇಲೆ.

ಬಳ್ಳಾರಿ ಕಬ್ಬಿಣದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಮಾತು. ಪರಿಸರ ಕಾಯಲು ಹೋದರೆ ಉದ್ಯೋಗ ಹೋಗುತ್ತದೆ ಎನ್ನುವವರು 2011ರ ಜುಲೈ 29ನ್ನು ನೆನಪು ಮಾಡಿಕೊಳ್ಳಬೇಕು. ಅವತ್ತು ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಂಡೂರು, ಹೊಸಪೇಟೆಯ ಲಾರಿ ಚಾಲಕರು, ಕೂಲಿಗಳು, ಹೋಟೆಲಿನವರು ಒಂದೇ ಏಟಿಗೆ ಬೀದಿಗೆ ಬಿದ್ದರು. ಅವರ ಕೆಲಸ ಕಿತ್ತುಕೊಂಡದ್ದು ಪರಿಸರದ ಕಾನೂನು ಅಲ್ಲ. ಕಾನೂನನ್ನು ವರ್ಷಗಟ್ಟಲೆ ಗಾಳಿಗೆ ತೂರಿದ ಅಕ್ರಮ. ಮುಂಚೆಯೇ ಮಿತಿಯಲ್ಲಿ ತೆಗೆದಿದ್ದರೆ ಅದೇ ಗುಡ್ಡ ಅವರ ಮೊಮ್ಮಕ್ಕಳಿಗೂ ಕೂಲಿ ಕೊಡುತ್ತಿತ್ತು.

ಆದ್ದರಿಂದ ನನ್ನ ವಾದ ಇಷ್ಟು: ಗಣಿಯ ಲೆಕ್ಕವನ್ನು ಅದು ತೆರೆಯುವ ದಿನದಿಂದ ಮುಂದಕ್ಕೆ ಎಣಿಸಬಾರದು, ಮುಚ್ಚುವ ದಿನದಿಂದ ಹಿಂದಕ್ಕೆ ಎಣಿಸಬೇಕು. ಭೂಮಿಪೂಜೆಯ ದಿನ ಎಲ್ಲವೂ ಲಾಭವಾಗಿಯೇ ಕಾಣುತ್ತದೆ: ಇಷ್ಟು ಕೆಲಸ, ಇಷ್ಟು ರಾಜಧನ, ಇಷ್ಟು ರಸ್ತೆ. ಕೊನೆಯ ಶಿಫ್ಟಿನ ಸೈರನ್ ಕೂಗಿದ ಮಾರನೆಯ ಬೆಳಿಗ್ಗೆ ನಿಂತು ನೋಡಿದರೆ ಬೇರೆ ಪ್ರಶ್ನೆಗಳು ಏಳುತ್ತವೆ. ದಿಬ್ಬದ ಮೇಲೆ ಹಸಿರು ಹೊದಿಕೆ ಇದೆಯೇ, ಮಣ್ಣು ಹಾರುತ್ತಿದೆಯೇ? ದಿಬ್ಬದ ಕೆಳಗಿನ ಬಾವಿಯ ನೀರು ಕುಡಿಯಲು ಬರುತ್ತದೆಯೇ? ಗಣಿಯೊಳಗೆ ಕಲಿತ ಕೈಗಳಿಗೆ ಬೇರೆಡೆ ಕೆಲಸವಿದೆಯೇ?

ಇವುಗಳಿಗೆ ದಾರಿ ಇಲ್ಲದಿಲ್ಲ. ಅದಿರು ತೆಗೆದು ಖಾಲಿಯಾದ ಜಾಗಕ್ಕೆ ಅರೆದ ಮಣ್ಣನ್ನೇ ಮರಳಿ ತುಂಬುವ ಪದ್ಧತಿ ಗಣಿಗಳಲ್ಲಿ ಬಳಕೆಯಲ್ಲಿದೆ. ಪುಡಿಯಾದ ಕಲ್ಲು ಉಬ್ಬುವುದರಿಂದ ಎಲ್ಲವೂ ಹಿಡಿಸುವುದಿಲ್ಲ, ಅರ್ಧದಷ್ಟಾದರೂ ಒಳಗೆ ಹೋಗುತ್ತದೆ. ದಿಬ್ಬ ಅಷ್ಟು ಸಣ್ಣದಾಗುತ್ತದೆ, ಮೇಲಿನ ನೆಲ ಕುಸಿಯದಂತೆ ಆಸರೆಯೂ ಆಗುತ್ತದೆ. ಕಟ್ಟೆಯ ತಳಕ್ಕೆ ನೀರು ಇಂಗದ ಹಾಸು ಹಾಕಬಹುದು. ಇದೆಲ್ಲಕ್ಕೂ ಖರ್ಚಿದೆ; ಆ ಖರ್ಚು ಕೂಲಿಯಾಗಿ ನಮ್ಮವರ ಕೈಗೂ ಬರುತ್ತದೆ. ದಿಬ್ಬ ಕಾಯುವುದು, ಗಿಡ ಬೆಳೆಸುವುದು, ನೀರು ತಪಾಸಣೆ ಮಾಡುವುದು ಕೂಡ ನೌಕರಿಯೇ, ಅದೂ ಗಣಿ ಮುಚ್ಚಿದ ಮೇಲೂ ಉಳಿಯುವ ನೌಕರಿ.

ಕಾನೂನಿನ ಕೆಲವು ಹಿಡಿಗಳು ಈಗಾಗಲೇ ನಮ್ಮ ಕೈಯಲ್ಲಿವೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಗಣಿಗೆ ಮುನ್ನ ಸಾರ್ವಜನಿಕ ಆಲಿಕೆ ನಡೆಯಬೇಕು, 30 ದಿನ ಮುಂಚೆ ನೋಟಿಸು ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆ ವರದಿಗಳು ನೀರಿನ ಅಂಕಿ ಕೊಡುವುದು ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದೇ ಹಂಗಾಮಿನದು. ಆರ್ಸೆನಿಕ್ ಇರುವ ಸೀಮೆಯಲ್ಲಿ ಅಷ್ಟು ಸಾಲದು. ಎರಡು ವರ್ಷದ ಎಲ್ಲ ಹಂಗಾಮಿನ ಲೆಕ್ಕ ಕೇಳುವ ಹಕ್ಕು ಆಲಿಕೆಗೆ ಬಂದ ಪ್ರತಿಯೊಬ್ಬ ಒಕ್ಕಲಿಗನಿಗಿದೆ, ಹೇಳಿದ ಮಾತು ದಾಖಲಾಗಲೇಬೇಕು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗಳು ರಾಜಧನದ ಜೊತೆಗೆ ಹಣ ಕಟ್ಟುತ್ತವೆ: ಹಳೆಯ ಗುತ್ತಿಗೆಯವರು ರಾಜಧನದ ನೂರಕ್ಕೆ 30, ಹರಾಜಿನಲ್ಲಿ ಪಡೆದವರು 10. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಕೌಶಲ ಇವು ಅದರ ಮೊದಲ ಬಾಬತ್ತುಗಳಲ್ಲಿ ಸೇರಿವೆ. ಈ ಹಣದಲ್ಲಿ ಬಸ್ ಶೆಲ್ಟರು, ಕಮಾನು ಕಟ್ಟುವ ಮೊದಲು ಪ್ರತಿ ಊರಿನ ನೀರಿನ ಪರೀಕ್ಷೆ ಆಗಬೇಕು. ಗಣಿ ಬಾಧಿತ ಪ್ರದೇಶವನ್ನು ಸರ್ಕಾರ ಕಿಲೋಮೀಟರಿನ ವೃತ್ತ ಎಳೆದು ಗುರುತಿಸುತ್ತದೆ. ನೀರು ವೃತ್ತ ನೋಡಿ ಹರಿಯುವುದಿಲ್ಲ, ಹಳ್ಳ ಹಿಡಿದು ಹೋಗುತ್ತದೆ. ಗೆರೆ ಎಳೆಯುವಾಗ ಹಳ್ಳದ ಜಾಡನ್ನೂ ನೋಡಬೇಕು.

ಇದನ್ನೆಲ್ಲ ಈಗ ಯಾಕೆ ಹೇಳಬೇಕೆಂದರೆ ಹುಡುಕಾಟ ನಿಂತಿಲ್ಲ. ಚಿನ್ನದ ಬೆಲೆ ಏರಿದಷ್ಟೂ ಹಿಂದೆ ಲಾಭವಿಲ್ಲವೆಂದು ಬಿಟ್ಟ ಬಂಡೆಗಳೂ ಅದಿರಾಗುತ್ತವೆ. ಲಿಂಗಸುಗೂರು ಹತ್ತಿರದ ಅಮರೇಶ್ವರದ ಕಡೆ ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿಯೂ ಕಲ್ಲು ತಪಾಸಣೆ ನಡೆದಿದೆ. ಜೀಪಿನಲ್ಲಿ ಬಂದವರು ಹೊಲದ ಬದುವಿನಲ್ಲಿ ನಿಂತು ಕಲ್ಲು ಒಡೆದು ಚೀಲಕ್ಕೆ ತುಂಬಿಕೊಂಡು ಹೋಗುವುದನ್ನು ನಮ್ಮ ಭಾಗದ ಜನ ನೋಡುತ್ತಲೇ ಇರುತ್ತಾರೆ. ಅವರು ತಿರುಗಿ ಬರುವ ಹೊತ್ತಿಗೆ ಊರಿನ ಹತ್ತಿರವೂ ತನ್ನದೇ ಒಂದು ಲೆಕ್ಕದ ಪುಸ್ತಕ ಇರಬೇಕು.

ಹುಡುಗ ಹಬ್ಬ ಮುಗಿಸಿ ಹೊರಡುವ ಹಿಂದಿನ ಸಂಜೆ ಮತ್ತೆ ಸಿಕ್ಕ. ಮೈನಿಂಗ್ ಮೇಟ್ ಪರೀಕ್ಷೆಯ ವಿಷಯ ಹೇಳಿದೆ; ಫೋನಿನಲ್ಲಿ ಬರೆದುಕೊಂಡ. ಮತ್ತೆ ಅವನ ಓಣಿಯ ಬೋರ್‌ವೆಲ್ ನೀರು ಎರಡು ಬಾಟಲಿ ಹಿಡಿದು ಜಿಲ್ಲೆಯ ಪ್ರಯೋಗಾಲಯಕ್ಕೆ ಕೊಡೋಣ, ಆರ್ಸೆನಿಕ್ ಎಂದು ಹೆಸರು ಹೇಳಿಯೇ ಪರೀಕ್ಷೆ ಕೇಳೋಣ ಎಂದೆ. ‘ಗಣಿ ಇನ್ನಾ ಬಂದೇ ಇಲ್ಲಲ್ರೀ ಕಾಕಾ’ ಅಂದ. ಅದಕ್ಕೇ ಈಗ, ಅಂದೆ. ಅವನು ಸ್ವಲ್ಪ ಹೊತ್ತು ನಿಂತು, ಮನೆಗೆ ಹೋಗಿ ಎರಡು ಖಾಲಿ ಬಾಟಲಿ ತಂದ. ಬೋರ್‌ವೆಲ್ಲಿನ ನೀರನ್ನು ಐದು ನಿಮಿಷ ಹರಿಯಬಿಟ್ಟು, ಅದೇ ನೀರಿನಲ್ಲಿ ಬಾಟಲಿ ಮೂರು ಸಲ ತೊಳೆದು, ಕಂಠದವರೆಗೆ ತುಂಬಿಸಿ, ಬಿರಡೆ ಬಿಗಿದು, ಮೇಲೆ ತಾರೀಖು ಬರೆದೆವು.